ಬೆಂಗಳೂರಿನ ಹಳೇ ಮನೆಗಳು ದಿನದ ಬಾಡಿಗೆಗೆ: ಉಳಿಯೋಕೆ ಚೆಂದ, ಮನೆ ಹುಡುಕೋರಿಗೆ ಕಷ್ಟ

ಮದುವೆಗೋ, ಆಸ್ಪತ್ರೆಗೋ, ಮಕ್ಕಳ ಸೀಟಿನ ಕೆಲಸಕ್ಕೋ ಬೆಂಗಳೂರಿಗೆ ಹೋಗುವ ತಾಲ್ಲೂಕಿನ ಜನ ಮೊದಲೆಲ್ಲಾ ಉಳಿಯುತ್ತಿದ್ದುದು ಮೆಜೆಸ್ಟಿಕ್ ಸುತ್ತಲಿನ ಲಾಡ್ಜಿನಲ್ಲಿ, ಇಲ್ಲಾಂದ್ರೆ ನೆಂಟರ ಮನೆಯಲ್ಲಿ. ಈಗ ಮೊಬೈಲಿನಲ್ಲೇ ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಯೊಂದನ್ನು ಎರಡು ದಿನಕ್ಕೆ ಬುಕ್ ಮಾಡುವವರೂ ಇದ್ದಾರೆ. ಕೆಂಪು ರೆಡ್‌ಆಕ್ಸೈಡ್ ನೆಲ, ಮಂಗಳೂರು ಹೆಂಚು, ಕೂರೋಕೆ ಜಗಲಿ. ಆರು ಜನರ ಕುಟುಂಬಕ್ಕೆ ಲಾಡ್ಜಿನಲ್ಲಿ ಎರಡು-ಮೂರು ರೂಮು ಬೇಕು. ಇಲ್ಲಿ ಅಡುಗೆಮನೆ ಸಮೇತ ಇಡೀ ಮನೆ ಸಿಗುತ್ತೆ. ಪಥ್ಯದ ರೋಗಿ ಜೊತೆಗಿದ್ದರೆ ಗಂಜಿ ಮಾಡಿಕೊಳ್ಳೋಕೂ ಅನುಕೂಲ.

1898ರ ಪ್ಲೇಗಿನ ಹೊಡೆತದ ನಂತರ ಊರು ಗಾಳಿ-ಬೆಳಕಿಗೆ ಹರಡಿಕೊಂಡಾಗ ಬೆಳೆದ ಬಡಾವಣೆಗಳಿವು. ಅಲ್ಲಿ ಉಳಿದಿರುವ ಹಳೇ ಮನೆಗಳು ಕಡಿಮೆ. ಅಪ್ಪ-ಅಮ್ಮ ಹೋದಮೇಲೆ ಮಕ್ಕಳು ಬಿಲ್ಡರ್‌ಗೆ ಕೊಟ್ಟು ಅಪಾರ್ಟ್‌ಮೆಂಟ್ ಎದ್ದಿರುವುದೇ ಹೆಚ್ಚು. ದಿನದ ಬಾಡಿಗೆ ಬರುತ್ತೆ ಅನ್ನೋ ಕಾರಣಕ್ಕೆ ಒಂದಿಷ್ಟು ಮನೆ ಉಳಿದರೆ ಅದು ಲಾಭವೇ.

ಆದರೆ ಲೆಕ್ಕದ ಇನ್ನೊಂದು ಮಗ್ಗುಲೂ ಇದೆ. ಉದಾಹರಣೆಗೆ, ತಿಂಗಳಿಗೆ 25 ಸಾವಿರ ಬಾಡಿಗೆ ಬರುವ ಮನೆಯನ್ನು ದಿನಕ್ಕೆ 3 ಸಾವಿರದಂತೆ ಕೊಟ್ಟರೆ, 15 ದಿನ ತುಂಬಿದರೂ 45 ಸಾವಿರ. ಆ್ಯಪ್ ಕಮಿಷನ್, ಕ್ಲೀನಿಂಗ್, ಕರೆಂಟು ಕಳೆದರೂ ಮಾಲೀಕರಿಗೆ ಇದೇ ವಾಸಿ. ಹೀಗೆ ಹೋದ ಪ್ರತಿ ಮನೆಯೂ ತಿಂಗಳ ಬಾಡಿಗೆಗೆ ಸಿಗುವ ಮನೆಗಳಲ್ಲಿ ಒಂದು ಕಡಿಮೆ. ಆ ಬಾಡಿಗೆ ಮನೆ ಹುಡುಕುತ್ತಾ, ಅಡ್ವಾನ್ಸಿಗೆ ಊರಲ್ಲಿ ಸಾಲ ಮಾಡಿಸುತ್ತಾ ಅಲೆಯುತ್ತಿರುವುದು ಇದೇ ತಾಲ್ಲೂಕಿನಿಂದ ಕೆಲಸಕ್ಕೆ ಹೋದ ಹುಡುಗ-ಹುಡುಗಿಯರು. ಅಪ್ಪ ಎರಡು ದಿನಕ್ಕೆ ಖುಷಿಯಾಗಿ ಉಳಿದು ಬಂದ ಬೀದಿಯಲ್ಲೇ ಮಗನಿಗೆ ಮನೆ ಸಿಗ್ತಾ ಇಲ್ಲ.

ಪಕ್ಕದ ಕಿರಾಣಿ ಅಂಗಡಿಯವರಿಗೂ ಪೆಟ್ಟು. ವರ್ಷಗಟ್ಟಲೆ ಇರುವ ಸಂಸಾರ ತಿಂಗಳಿಗೆ ಅಕ್ಕಿ, ಬೇಳೆ, ಎಣ್ಣೆ ಒಯ್ಯುತ್ತೆ, ಉದ್ರಿ ಬರೆಸಿದ್ದು ಒಂದನೇ ತಾರೀಕಿಗೆ ಕೊಡುತ್ತೆ. ಎರಡು ದಿನದ ಅತಿಥಿ ಒಯ್ಯೋದು ನೀರಿನ ಬಾಟಲ್ಲು, ಚಿಪ್ಸು. ಅಂಗಡಿಯವರು ಟ್ರೇಡ್ ಲೈಸೆನ್ಸ್ ಮಾಡಿಸಿ, ವಾಣಿಜ್ಯ ದರದಲ್ಲಿ ಕರೆಂಟ್ ಬಿಲ್ ಕಟ್ಟಬೇಕು. ಪಕ್ಕದಲ್ಲೇ ಲಾಡ್ಜಿನಂತೆ ನಡೆಯುವ ಮನೆ ಗೃಹ ಬಳಕೆ ಮೀಟರಿನಲ್ಲೇ ನಡೆದರೆ ಕೇಳೋರು ಯಾರು?

ಹೊರದೇಶಗಳ ದೊಡ್ಡ ನಗರಗಳು ಇದನ್ನು ಕೇಳಿಯೇ ಬಿಟ್ಟಿವೆ. ಸ್ಪೇನಿನ ಬಾರ್ಸಿಲೋನಾ 10,101 ಪ್ರವಾಸಿ ಫ್ಲಾಟ್‌ಗಳ ಲೈಸೆನ್ಸನ್ನು 2028ರ ನವೆಂಬರ್ ನಂತರ ನವೀಕರಿಸುವುದಿಲ್ಲ ಎಂದು 2024ರಲ್ಲೇ ಘೋಷಿಸಿತು. ನ್ಯೂಯಾರ್ಕ್ 2023ರ ಸೆಪ್ಟೆಂಬರಿನಿಂದ ಬೇರೆ ದಾರಿ ಹಿಡಿದಿದೆ: 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡಬೇಕಾದರೆ ನೋಂದಣಿ ಬೇಕು, ಮನೆಯವರು ಅಲ್ಲೇ ಇರಬೇಕು, ಅತಿಥಿಗಳು ಇಬ್ಬರನ್ನು ಮೀರಬಾರದು.

ಬೆಂಗಳೂರಿಗೆ ಬಾರ್ಸಿಲೋನಾ ಮದ್ದು ಹಿಡಿಸೋದಿಲ್ಲ. ಪೂರ್ತಿ ನಿಲ್ಲಿಸಿದರೆ ಉಳಿದ ನಾಲ್ಕು ಹಳೇ ಮನೆಗೂ ಜೆಸಿಬಿ ಬಂದೀತು. ಇಬ್ಬರೇ ಅತಿಥಿ ಅನ್ನೋ ಲೆಕ್ಕವೂ ನಮ್ಮ ಸಂಸಾರಗಳಿಗೆ ಒಗ್ಗದು. ಆದರೆ ಮನೆಯವರು ಅಲ್ಲೇ ಇರಬೇಕು ಅನ್ನೋ ಷರತ್ತು ಬೇಕೇ ಬೇಕು. ಹೋಂಸ್ಟೇ ಅಂದರೆ ಮೂಲದಲ್ಲಿ ಅರ್ಥವೇ ಅದು. ಮಾಲೀಕರು ಮಹಡಿ ಮೇಲಿದ್ದು ಕೆಳಗಿನ ಭಾಗ ಕೊಟ್ಟರೆ ಅದು ಮನೆ. ಐದಾರು ಮನೆ ಲೀಸಿಗೆ ಹಿಡಿದು, ಬಾಗಿಲಿಗೆ ನಂಬರ್ ಲಾಕ್ ಹಾಕಿ ನಡೆಸಿದರೆ ಅದು ವ್ಯಾಪಾರ. ವ್ಯಾಪಾರಕ್ಕೆ ವ್ಯಾಪಾರದ ತೆರಿಗೆ, ಲೈಸೆನ್ಸು, ಬೆಂಕಿ ಸುರಕ್ಷತೆಯ ತಪಾಸಣೆ ಇರಬೇಕು.

ಹೊರಡುವವರಿಗೆ ಇನ್ನೊಂದು ವಿಷಯ. ಹಳೇ ಮನೆಯ ಫೋಟೋ ಚೆಂದ ಇರುತ್ತೆ, ಮೆಟ್ಟಿಲು ಮಾತ್ರ ಕಡಿದಾಗಿರಬಹುದು, ಬಚ್ಚಲು ಹಿತ್ತಲಲ್ಲಿರಬಹುದು, ಬೀದಿಯಲ್ಲಿ ಕಾರು ನಿಲ್ಲಿಸೋಕೆ ಜಾಗ ಇರಲಿಕ್ಕಿಲ್ಲ. ಮಂಡಿ ಆಪರೇಷನ್ ಆದ ಅಜ್ಜಿಯನ್ನು ಕರೆದೊಯ್ಯುವವರು ದುಡ್ಡು ಕಟ್ಟುವ ಮೊದಲೇ ಇದನ್ನೆಲ್ಲ ವಿಚಾರಿಸೋದು ಒಳ್ಳೇದು. ಜೊತೆಗೆ, ರಾತ್ರಿ ನೀರು ನಿಂತರೆ ಕರೆಯೋಕೆ ಮಾಲೀಕರು ಅಲ್ಲೇ ಇರ್ತಾರಾ ಅನ್ನೋದನ್ನೂ.