ಮಾಸ್ತರಿಲ್ಲದ ಸಾಲಿಗೆ ಮಕ್ಕಳ ಲೆಕ್ಕ ಕೇಳಬೇಡಿ

ರಾಯಚೂರು ಜಿಲ್ಲೆಯ ದೇವದುರ್ಗ ದಾಟಿ ಜಾಲಹಳ್ಳಿ ಕಡೆಗೆ ಹೊರಟರೆ ಊರೂರುಗಳ ನಡುವಿನ ಹೊಲಗಳಲ್ಲಿ ಚದುರಿಕೊಂಡ ದೊಡ್ಡಿಗಳು ಕಾಣುತ್ತವೆ. ದೊಡ್ಡಿ ಎಂದರೆ ದನ ಕೂಡಿಹಾಕುವ ಜಾಗ ಎಂದೇ ರಾಜಧಾನಿಯ ಓದುಗರು ತಿಳಿದಾರು. ನಮ್ಮಲ್ಲಿ ಅದು ಮನುಷ್ಯರ ನೆಲೆ. ಹತ್ತೋ ಇಪ್ಪತ್ತೋ ಮನೆ, ಸುತ್ತ ಅವರದೇ ಹೊಲ, ಅಂಗಳದಲ್ಲಿ ಕುರಿ, ದನ, ಒಂದು ಬೇವಿನ ಮರ. ಬಹುಪಾಲು ದೊಡ್ಡಿಗಳಿಗೆ ಬಸ್ಸು ಬರುವುದಿಲ್ಲ. ಮಳೆ ಬಂದರೆ ಎರೆಮಣ್ಣು ಕಾಲು ಬಿಡುವುದಿಲ್ಲ. ಸರ್ಕಾರ ಎಂಬುದೊಂದಿದೆ ಎಂದು ಅಲ್ಲಿಯ ಜನರಿಗೆ ದಿನಾ ಕಣ್ಣಿಗೆ ಬೀಳುವುದು ಎರಡೇ ಕಡೆ: ಅಂಗನವಾಡಿಯಲ್ಲಿ, ಸಾಲಿಯಲ್ಲಿ, ಅಂದರೆ ಶಾಲೆಯಲ್ಲಿ. ಆ ಸಾಲಿಯಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತಿರುತ್ತಾರೆ, ಮಾಸ್ತರು ಒಬ್ಬರೇ. ಅವರು ತಾಲ್ಲೂಕಿಗೆ ಮೀಟಿಂಗಿಗೆ ಹೋದ ದಿನ, ಗಣತಿಗೆ ಹೋದ ದಿನ, ಚುನಾವಣೆ ಕೆಲಸಕ್ಕೆ ಹೋದ ದಿನ, ಬಿಸಿಯೂಟ ಉಂಡು ಮನೆಗೆ ಹೋಗುವುದೇ ಅಂದಿನ ಪಾಠ.

ಇಂಥ ಸಾಲಿಗಳನ್ನು ಏನು ಮಾಡಬೇಕು ಎಂಬುದೇ ಈಗಿನ ಜಗಳ. 2025-26ರ ಬಜೆಟ್ಟಿನಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನೊಂದಿಗೆ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ತೆರೆಯುವುದಾಗಿ ಸರ್ಕಾರ ಘೋಷಿಸಿತು. ಆಮೇಲೆ ಇವಕ್ಕೆ ‘ಮ್ಯಾಗ್ನೆಟ್’ ಶಾಲೆ ಎಂಬ ಹೆಸರು ಸೇರಿಕೊಂಡಿತು. ಅಯಸ್ಕಾಂತ ತನ್ನ ಸುತ್ತಲಿನ ಕಬ್ಬಿಣದ ಚೂರುಗಳನ್ನು ಎಳೆದುಕೊಳ್ಳುವಂತೆ, ದೊಡ್ಡ ಶಾಲೆ ತನ್ನ ಸುತ್ತಲಿನ ಸಣ್ಣ ಶಾಲೆಗಳ ಮಕ್ಕಳನ್ನು ಎಳೆದುಕೊಳ್ಳಬೇಕು ಎಂಬುದು ಲೆಕ್ಕಾಚಾರ. ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನ ಶಾಲೆಗೆ ಅಕ್ಕಪಕ್ಕದ ಶಾಲೆಗಳನ್ನು ಸೇರಿಸುವ ಆದೇಶ ಹೊರಬಿದ್ದಾಗ ರಾಜ್ಯದ ತುಂಬ ಗದ್ದಲವೆದ್ದಿತು. ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಶಿಕ್ಷಣ ಸಚಿವರು ಹೇಳುತ್ತ ಬಂದಿದ್ದಾರೆ. ಅವರ ಮಾತನ್ನು ನಂಬೋಣ. ಆದರೆ ಮುಚ್ಚುವುದಕ್ಕೆ ಬೀಗವೇ ಬೇಕೆಂದಿಲ್ಲ. ಖಾಲಿಯಾದ ಹುದ್ದೆಯನ್ನು ತುಂಬದೆ ನಾಲ್ಕು ವರ್ಷ ಬಿಟ್ಟರೆ ಸಾಕು, ಸಾಲಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ಬಜೆಟ್ ಕಡಿತ ಎಂದಾಗಲೆಲ್ಲ ಅಧಿಕಾರಿಗಳು ಅಂಕಿ ಹಿಡಿದು ಬರುತ್ತಾರೆ. ಎಲ್ಲಿದೆ ಕಡಿತ, ಹಣ ಏರಿದೆಯಲ್ಲ ಎನ್ನುತ್ತಾರೆ. ಆ ಅಂಕಿಗಳನ್ನೇ ನೋಡೋಣ. 2024-25ರಲ್ಲಿ ಶಿಕ್ಷಣಕ್ಕೆ ಇಟ್ಟದ್ದು 44,422 ಕೋಟಿ ರೂಪಾಯಿ. ಮರುವರ್ಷ 45,286 ಕೋಟಿ. ಏರಿದ್ದು ನೂರಕ್ಕೆ ಎರಡು ರೂಪಾಯಿಯೂ ಅಲ್ಲ. ಅದೇ ಹೊತ್ತಿಗೆ ರಾಜ್ಯದ ಒಟ್ಟು ಬಜೆಟ್ 3,71,383 ಕೋಟಿಯಿಂದ 4,09,549 ಕೋಟಿಗೆ ಹೋಯಿತು, ಅಂದರೆ ನೂರಕ್ಕೆ ಹತ್ತರಷ್ಟು ಬೆಳೆಯಿತು. ಸುಮಾರು ಶೇ 12 ಇದ್ದ ಶಿಕ್ಷಣದ ಪಾಲು ಶೇ 11ಕ್ಕೆ ಇಳಿಯಿತು. ಹಿಂದಿನ ಪಾಲೇ ಉಳಿದಿದ್ದರೆ ಇನ್ನೂ ಸುಮಾರು 3,700 ಕೋಟಿ ರೂಪಾಯಿ ಬರಬೇಕಿತ್ತು. ಏಳನೇ ವೇತನ ಆಯೋಗದಂತೆ 2024ರ ಆಗಸ್ಟ್‌ನಿಂದ ಶಿಕ್ಷಕರ ಸಂಬಳ ಏರಿದೆ. ಅದು ನ್ಯಾಯವಾಗಿಯೇ ಬಂದದ್ದು. ಇರುವವರ ಸಂಬಳಕ್ಕೆ ಬೇಕಾದದ್ದು ಹೆಚ್ಚಿ, ಒಟ್ಟು ಹಣ ಅಲ್ಲಿಯೇ ನಿಂತರೆ, ಹೊಸ ಮಾಸ್ತರರನ್ನು ಯಾವ ದುಡ್ಡಿನಲ್ಲಿ ತರುತ್ತಾರೆ?

ಅತಿಥಿ ಶಿಕ್ಷಕರನ್ನು ತರುತ್ತಾರೆ. 2025-26ಕ್ಕೆ ಪ್ರಾಥಮಿಕ ಶಾಲೆಗಳಿಗೆ 40,000, ಪ್ರೌಢಶಾಲೆಗಳಿಗೆ 11,000 ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಲು ಒಪ್ಪಿಗೆ ಸಿಕ್ಕಿತು. ಐವತ್ತೊಂದು ಸಾವಿರ! ಇದು ನೆಗಡಿ ಜ್ವರಕ್ಕೆ ರಜೆ ಹಾಕಿದವರ ಜಾಗ ತುಂಬುವ ಸಂಖ್ಯೆಯಲ್ಲ. ಇಷ್ಟು ಕುರ್ಚಿಗಳು ಕಾಯಂ ಆಗಿ ಖಾಲಿ ಇವೆ ಎಂದು ಸರ್ಕಾರವೇ ಬರೆದುಕೊಟ್ಟ ಲೆಕ್ಕ. ಗೌರವಧನವನ್ನು ಎರಡು ಸಾವಿರ ಹೆಚ್ಚಿಸಿದ ಮೇಲೂ ಪ್ರಾಥಮಿಕ ಶಾಲೆಯವರಿಗೆ ತಿಂಗಳಿಗೆ 12,000, ಪ್ರೌಢಶಾಲೆಯವರಿಗೆ 12,500. ಕಾಯಂ ಶಿಕ್ಷಕರ ಸಂಬಳದ ಮೂರರಲ್ಲೊಂದು ಪಾಲೂ ಅಲ್ಲ. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಬಿ.ಇಡಿ ಮುಗಿಸಿದ ಹೆಣ್ಣುಮಗಳು ರಾಯಚೂರಿನಿಂದ ದೇವದುರ್ಗದ ಹಳ್ಳಿಗೆ ಹೋಗಿ ಬರುವುದಕ್ಕೇ ಅದರಲ್ಲಿ ಎಷ್ಟೋ ಕಳೆದುಹೋಗುತ್ತದೆ. ಮಾರ್ಚ್‌ನಲ್ಲಿ ಮಕ್ಕಳ ಕೈಬರಹ ತಿದ್ದಿ ಮನೆಗೆ ಹೋದವಳನ್ನು ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ, ಅವಳಿಗೂ ಗೊತ್ತಿಲ್ಲ, ಮಕ್ಕಳಿಗೂ ಗೊತ್ತಿಲ್ಲ. ನಾನು ಕಡಿತ ಎನ್ನುತ್ತಿರುವುದು ಇದನ್ನೇ. ಬಜೆಟ್ ಪುಸ್ತಕದ ಯಾವ ಪುಟದಲ್ಲೂ ಇದಕ್ಕೊಂದು ಸಾಲಿಲ್ಲ.

ಕೇಂದ್ರ ಸರ್ಕಾರದ 2024-25ರ ಶಾಲಾ ಅಂಕಿಅಂಶದ ಪ್ರಕಾರ ಕರ್ನಾಟಕದಲ್ಲಿ ಏಕೋಪಾಧ್ಯಾಯ ಶಾಲೆಗಳು 7,349. ಒಬ್ಬ ಮಾಸ್ತರು ಐದು ತರಗತಿಗೆ ನಾಲ್ಕು ವಿಷಯ ಹೇಳಬೇಕು, ಬಿಸಿಯೂಟದ ಅಕ್ಕಿ ಬೇಳೆ ಬರೆದಿಡಬೇಕು, ಮೊಟ್ಟೆ ಎಣಿಸಬೇಕು, ಮೊಬೈಲಿನಲ್ಲಿ ಹಾಜರಿ ತುಂಬಬೇಕು. ಹೀಗಿರುವಾಗ ತಂದೆತಾಯಿ ಮಗುವಿಗೆ ಓದಲು ಬರುತ್ತಿಲ್ಲ ಎಂದು ಕಂಡುಕೊಳ್ಳುತ್ತಾರೆ. ಕೂಲಿಯಲ್ಲಿ ಉಳಿಸಿದ ಹಣದಲ್ಲೋ ಗೃಹಲಕ್ಷ್ಮಿಯ ಎರಡು ಸಾವಿರದಲ್ಲೋ ಫೀಸು ಕಟ್ಟಿ ಮಾನ್ವಿಯ, ದೇವದುರ್ಗದ ಖಾಸಗಿ ಶಾಲೆಯ ವ್ಯಾನು ಹತ್ತಿಸುತ್ತಾರೆ. ಸಾಲಿಯಲ್ಲಿ ಮಕ್ಕಳು ಮೂವತ್ತಿದ್ದವರು ಇಪ್ಪತ್ತಾಗುತ್ತಾರೆ, ಹದಿನೈದಾಗುತ್ತಾರೆ. ಆಗ ಇಲಾಖೆಗೆ ಎಚ್ಚರವಾಗುತ್ತದೆ: ಮಕ್ಕಳಿಲ್ಲ, ವಿಲೀನ ಮಾಡೋಣ! ಮೊದಲು ಹೋದದ್ದು ಮಾಸ್ತರು, ಆಮೇಲೆ ಹೋದದ್ದು ಮಕ್ಕಳು. ಕಡತದಲ್ಲಿ ಮಾತ್ರ ಇದು ತಿರುಗುಮುರುಗಾಗಿ ದಾಖಲಾಗುತ್ತದೆ.

ಸಣ್ಣ ಶಾಲೆಯಲ್ಲಿ ಕಲಿಕೆ ಆಗುವುದಿಲ್ಲ, ದೊಡ್ಡ ಶಾಲೆಯಲ್ಲಿ ವಿಷಯಕ್ಕೊಬ್ಬ ಶಿಕ್ಷಕರು, ಪ್ರಯೋಗಾಲಯ, ಆಟದ ಬಯಲು ಇರುತ್ತವೆ ಎಂಬ ವಾದವನ್ನು ತಳ್ಳಿಹಾಕಲಾರೆ. ನಮ್ಮ ಗಬ್ಬೂರಿನ ಮಗುವಿಗೂ ಅದು ಸಿಗಬೇಕು. ಸಿಗಲಿ ಎಂದೇ ನನ್ನ ಆಸೆ. ಪ್ರೌಢಶಾಲೆಯ ಮಟ್ಟದಲ್ಲಿ ಅಂಥ ಶಾಲೆಗಳನ್ನು ಎಷ್ಟು ಕಟ್ಟಿದರೂ ಸ್ವಾಗತ. ಆದರೆ ಆರು ವರ್ಷದ ಮಗು ದೊಡ್ಡಿಯಿಂದ ನಾಲ್ಕು ಕಿಲೋಮೀಟರು ಹೋಗುವುದು ಹೇಗೆ? ಶಿಕ್ಷಣ ಹಕ್ಕು ಕಾಯ್ದೆಯಡಿ ರಾಜ್ಯವೇ ಮಾಡಿಕೊಂಡ ನಿಯಮದಲ್ಲಿ ಐದನೆಯ ತರಗತಿವರೆಗಿನ ಶಾಲೆ ಒಂದು ಕಿಲೋಮೀಟರಿನೊಳಗೆ, ಎಂಟನೆಯವರೆಗಿನದು ಮೂರು ಕಿಲೋಮೀಟರಿನೊಳಗೆ ಇರಬೇಕು ಎಂದಿದೆ. ಬಸ್ಸು ಕೊಡುತ್ತೇವೆ ಎನ್ನುತ್ತಾರೆ. ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದಾಗ ನಮ್ಮ ಹೆಣ್ಣುಮಕ್ಕಳು ಸಂತೋಷಪಟ್ಟರು. ಬಸ್ಸೇ ಬಾರದ ದೊಡ್ಡಿಯ ಹುಡುಗಿಗೆ ಉಚಿತ ಟಿಕೆಟ್ಟಿನಿಂದ ಏನು ಬಂತು? ಅಲ್ಲಿ ಓಡುವುದು ಟಂಟಂ ಆಟೊ. ಅದೂ ಹತ್ತಿ ಬಿಡಿಸುವ ಕಾಲಕ್ಕೆ ಕೂಲಿಯಾಳುಗಳನ್ನು ತುಂಬಿಕೊಳ್ಳಲು ಬರುತ್ತದೆ. ಸಾಲಿ ದೂರವಾದ ಮಗು ಯಾವ ಗಾಡಿ ಹತ್ತುತ್ತದೆ ಎಂಬುದು ಈ ಜಿಲ್ಲೆಯ ಯಾವ ಮಾಸ್ತರರನ್ನು ಕೇಳಿದರೂ ಗೊತ್ತಾಗುತ್ತದೆ.

ದಾರಿಯ ಅಪಾಯವನ್ನೂ ನಾವು ಕಂಡಿದ್ದೇವೆ. 2024ರ ಸೆಪ್ಟೆಂಬರ್ 5, ಶಿಕ್ಷಕರ ದಿನಾಚರಣೆಯ ಬೆಳಿಗ್ಗೆ, ಮಾನ್ವಿ ತಾಲ್ಲೂಕಿನ ಕಪಗಲ್ ಬಳಿ ಶಾಲಾ ಬಸ್ಸಿಗೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ತೀರಿಕೊಂಡರು. ಕೆಲವು ಮಕ್ಕಳು ಕಾಲು ಕಳೆದುಕೊಂಡರು. ಅಪಘಾತದ ಹೊಣೆ ಯಾರದು ಎನ್ನುವ ಮಾತು ಇಲ್ಲಿ ಬೇಡ. ಊರಲ್ಲೇ ಒಳ್ಳೆಯ ಸಾಲಿ ಇದ್ದರೆ ಇಷ್ಟು ಮಕ್ಕಳು ದಿನಾ ಹೆದ್ದಾರಿಗೆ ಇಳಿಯಬೇಕಿತ್ತೇ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಇನ್ನೊಂದು ಕಡೆ ನೋಡಿ: 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿಯವರು ನಮ್ಮ ಭಾಗದ ತಾಂಡಾಗಳ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. ತಾಂಡಾ, ಹಟ್ಟಿ, ದೊಡ್ಡಿಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸವನ್ನು ಈಗಿನ ಸರ್ಕಾರವೂ ಮುಂದುವರಿಸಿದೆ. ಒಂದು ಇಲಾಖೆ ಈ ನೆಲೆಗಳನ್ನು ಊರು ಎಂದು ಒಪ್ಪಿಕೊಳ್ಳುವ ಹೊತ್ತಿಗೆ ಇನ್ನೊಂದು ಇಲಾಖೆ ಅಲ್ಲಿಯ ಸಾಲಿಯನ್ನು ಲೆಕ್ಕದಿಂದ ತೆಗೆಯಲು ಕೂತರೆ ಅದು ಎಂಥ ಆಡಳಿತ?

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ ತಾಲ್ಲೂಕುಗಳನ್ನು ಅಳೆದು ತೂಗಿದಾಗ ದೇವದುರ್ಗ ಕಟ್ಟಕಡೆಗೆ ನಿಂತಿತ್ತು. ಮಾನ್ವಿಯೂ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಯಲ್ಲಿತ್ತು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಖರ್ಚು ಮಾಡಿ ಈ ಅಂತರ ತುಂಬಿ ಎಂದು ಸಮಿತಿ ಹೇಳಿತು. 2011ರ ಜನಗಣತಿ ಬಂದಾಗ ರಾಜ್ಯದ ಸಾಕ್ಷರತೆ ಶೇ 75.36, ರಾಯಚೂರು ಜಿಲ್ಲೆಯದು ಶೇ 59.56. ಜಿಲ್ಲೆಯ ಹೆಣ್ಣುಮಕ್ಕಳದು ಶೇ 48.73. ಆಗ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳಿಗೆ ಅಕ್ಷರ ಬಾರದಿದ್ದ ಜಿಲ್ಲೆ ಇದು. ಅವರೇ ಇಂದು ತಾಯಂದಿರು. ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲದ ಮಗುವಿಗೆ ಸಾಲಿಯಲ್ಲೂ ಮಾಸ್ತರಿಲ್ಲ. 2025ರ ಎಸ್ಎಸ್ಎಲ್‌ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ 91.12 ಪಡೆದು ಮೊದಲಾದಾಗ ನಮ್ಮದೇ ಭಾಗದ ಕಲಬುರಗಿ ಶೇ 42.43ಕ್ಕೆ ನಿಂತು ಕೊನೆಯಾಯಿತು. ಅಂದು ಎಲ್ಲರೂ ಜಿಲ್ಲೆಯ ಶಿಕ್ಷಣಾಧಿಕಾರಿಗಳಾದ ಡಿಡಿಪಿಐಗಳಿಗೆ ನೋಟಿಸು ಕೊಡುವ ಮಾತಾಡಿದರು. ಹತ್ತನೆಯ ತರಗತಿಯಲ್ಲಿ ಬಿದ್ದ ಮಗು ಒಂದನೆಯ ತರಗತಿಯಲ್ಲಿ ಯಾರ ಮುಂದೆ ಕೂತಿತ್ತು ಎಂದು ಕೇಳಿದವರಿಲ್ಲ.

ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ಇದೆ ಎನ್ನುತ್ತಾರೆ. ಹೌದು, 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ ಬಂದ ಆ ಹಕ್ಕಿಗಾಗಿ ನಮ್ಮ ಹಿರಿಯರು ಬೀದಿಯಲ್ಲಿ ಕೂತಿದ್ದರು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಘೋಷಣೆಯಾಗುತ್ತಿದೆ, ‘ಅಕ್ಷರ ಆವಿಷ್ಕಾರ’ದ ಹೆಸರಲ್ಲಿ ಶಿಕ್ಷಣಕ್ಕೂ ಪಾಲು ಇಟ್ಟಿದ್ದಾರೆ. ಅದನ್ನು ಒಪ್ಪಿಕೊಂಡೇ ಹೇಳುತ್ತೇನೆ: ಮಂಡಳಿಯ ಹಣ ಕೋಣೆ ಕಟ್ಟಿಸುತ್ತದೆ, ಡೆಸ್ಕು ತರುತ್ತದೆ, ಗೋಡೆಗೆ ಬಣ್ಣ ಬಳಿಸುತ್ತದೆ. ಮೂವತ್ತು ವರ್ಷ ಸಂಬಳ ಕೊಡಬೇಕಾದ ಕಾಯಂ ಶಿಕ್ಷಕರನ್ನು ಕೊಡಬೇಕಾದದ್ದು ರಾಜ್ಯದ ಬೊಕ್ಕಸ. ಮಂಡಳಿ ಕೊಟ್ಟಿತಲ್ಲ ಎಂದು ಬೊಕ್ಕಸ ಕೈ ಹಿಂದೆಗೆಯಬಾರದು. ವಿಶೇಷ ಅನುದಾನ ಎಂದರೆ ಎಲ್ಲರಿಗೂ ಸಿಗುವುದು ನಮಗೂ ಸಿಕ್ಕು, ಅದರ ಮೇಲೆ ಇನ್ನಷ್ಟು ಎಂದರ್ಥ. 2022ರಲ್ಲಿ ಕರೆದ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ 5,000 ಹುದ್ದೆ ನಮ್ಮ ಭಾಗಕ್ಕೆ ಮೀಸಲಾಗಿತ್ತು. ಅದು ಕೋರ್ಟು ಕಚೇರಿ ಅಲೆದು ಆದೇಶ ಕೈಗೆ ಬರುವಷ್ಟರಲ್ಲಿ ಎಷ್ಟೋ ಮಕ್ಕಳು ಪ್ರಾಥಮಿಕ ಶಾಲೆಯನ್ನೇ ದಾಟಿ ಹೋದರು.

ರಾಜ್ಯ ಸರ್ಕಾರಕ್ಕೂ ಒಂದು ನೋವಿದೆ, ಅದು ಸುಳ್ಳಲ್ಲ. ಹದಿನೈದನೇ ಹಣಕಾಸು ಆಯೋಗ ಬಂದ ಮೇಲೆ ಕೇಂದ್ರದ ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. ದುಡಿದು ಕೊಡುವವರಿಗೆ ಕಡಿಮೆ ಏಕೆ ಎಂದು ಮುಖ್ಯಮಂತ್ರಿಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತು ಕೇಳಿದ್ದು ಸರಿ. ಅದೇ ಪ್ರಶ್ನೆಯನ್ನು ನಾವು ಬೆಂಗಳೂರಿಗೆ ಕೇಳುತ್ತಿದ್ದೇವೆ. ನಮ್ಮ ಶಕ್ತಿನಗರದ ಕರೆಂಟು ರಾಜ್ಯಕ್ಕೆ ಬೆಳಕು ಕೊಡುತ್ತದೆ, ಹಟ್ಟಿ ಗಣಿಯ ಚಿನ್ನ ಬೊಕ್ಕಸಕ್ಕೆ ಹೋಗುತ್ತದೆ, ಗುಳೆ ಹೋದ ನಮ್ಮ ಜನ ರಾಜಧಾನಿಯ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಾರೆ. ದೆಹಲಿ ಕೊಡಲಿಲ್ಲ ಎಂಬ ಸಿಟ್ಟನ್ನು ದೇವದುರ್ಗದ ಒಂದನೆಯ ತರಗತಿಯ ಮೇಲೆ ತೀರಿಸುವುದು ಬೇಡ. ಗೃಹಲಕ್ಷ್ಮಿಯಂಥ ಗ್ಯಾರಂಟಿ ಯೋಜನೆಗಳಿಂದಲೇ ಶಾಲೆಗಳಿಗೆ ಈ ಗತಿ ಬಂತು ಎನ್ನುವ ವಿರೋಧ ಪಕ್ಷದವರ ಮಾತನ್ನೂ ನಾನು ಒಪ್ಪುವುದಿಲ್ಲ. ಅವರ ಆಳ್ವಿಕೆಯಲ್ಲೂ ಕುರ್ಚಿಗಳು ಖಾಲಿಯೇ ಇದ್ದವು. ತಾಯಿಯ ಎರಡು ಸಾವಿರ ಕಿತ್ತುಕೊಂಡು ಮಗುವಿಗೆ ಮಾಸ್ತರನ್ನು ಕೊಡುತ್ತೇವೆ ಎನ್ನುವವರು ಬಡವರ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕುತ್ತಾರೆ, ಅಷ್ಟೇ.

ರಾಯಚೂರು ನಗರದಲ್ಲಿ 2022ರ ಮೇ 13ರಿಂದ ಏಮ್ಸ್‌ಗಾಗಿ ನಡೆದ ಧರಣಿ ಸಾವಿರ ದಿನ ದಾಟಿತು. ಅಷ್ಟು ತಾಳ್ಮೆ, ಅಷ್ಟು ಹಟ ಇರುವ ಊರು ಇದು. ನಿಜಾಮರ ಕಾಲದಲ್ಲಿ, ಮಕ್ಕಳಿಗೆ ಕಲಿಸುವುದೇ ದೊಡ್ಡ ಸಾಹಸವಾಗಿದ್ದಾಗ, ಪಂಡಿತ ತಾರಾನಾಥರು ಇದೇ ಊರಿನಲ್ಲಿ ಹಮ್ದರ್ದ್ ಶಾಲೆ ಕಟ್ಟಿದರು. ಆ ಊರಿನ ಹೋರಾಟದ ಪಟ್ಟಿಯಲ್ಲಿ ದೊಡ್ಡಿಯ ಸಾಲಿಯೂ ಸೇರಬೇಕು. ಏಮ್ಸ್‌ನಲ್ಲಿ ನಾಳೆ ಓದಬೇಕಾದವರು ಇಂದು ಆ ಒಂದು ಕೋಣೆಯಲ್ಲಿ ಕೂತಿದ್ದಾರೆ.

ನಾವು ಕೇಳುವುದು ಇಷ್ಟು. ಕಾಯಂ ಶಿಕ್ಷಕರಿಲ್ಲದ, ಇಲ್ಲವೇ ಒಬ್ಬರೇ ಇರುವ ಯಾವ ಶಾಲೆಯನ್ನೂ ಮಕ್ಕಳು ಕಡಿಮೆ ಎಂಬ ಕಾರಣಕ್ಕೆ ವಿಲೀನದ ಪಟ್ಟಿಗೆ ಸೇರಿಸಬೇಡಿ. ಮೊದಲು ಇಬ್ಬರು ಮಾಸ್ತರರನ್ನು ಕೊಟ್ಟು ಐದು ವರ್ಷ ನೋಡಿ, ಆಮೇಲೆ ಮಕ್ಕಳ ಲೆಕ್ಕ ಕೇಳಿ. ಎಸ್‌ಡಿಎಂಸಿ ಎಂಬ ಶಾಲಾ ಸಮಿತಿ ಮತ್ತು ಗ್ರಾಮಸಭೆ ಒಪ್ಪದೆ ಒಂದು ಮಗುವಿನ ಹೆಸರನ್ನೂ ಬೇರೆ ಶಾಲೆಯ ಹಾಜರಿಗೆ ವರ್ಗಾಯಿಸಬೇಡಿ. ಮತ್ತೆ, ಬಜೆಟ್ ಮಂಡಿಸುವ ದಿನ ಶಿಕ್ಷಣಕ್ಕೆ ಇಷ್ಟು ಸಾವಿರ ಕೋಟಿ ಎಂದು ಓದಿದ ಮೇಲೆ, ದೇವದುರ್ಗದಲ್ಲಿ ಎಷ್ಟು ಹುದ್ದೆ ಖಾಲಿ, ಮಾನ್ವಿಯಲ್ಲಿ ಎಷ್ಟು ಖಾಲಿ, ಯಾವ ತಿಂಗಳೊಳಗೆ ತುಂಬುತ್ತೀರಿ ಎಂಬುದನ್ನೂ ಅದೇ ಸದನದಲ್ಲಿ, ಅದೇ ದನಿಯಲ್ಲಿ ಓದಿ ಹೇಳಿ. ಜೂನ್‌ನಲ್ಲಿ ಸಾಲಿ ಬಾಗಿಲು ತೆಗೆದಾಗ ನಾವು ಆ ಪಟ್ಟಿ ಹಿಡಿದು ದೊಡ್ಡಿ ದೊಡ್ಡಿಗೂ ಹೋಗಿ ನೋಡುತ್ತೇವೆ.