ಉಯಿಘರರ ಪರ ಭಾರತ ಮತ ಹಾಕಬೇಕಿತ್ತು

ರೇಡಿಯೊ, ಟಿ.ವಿ. ಬೇಡವೆನ್ನುವುದು ಉಗ್ರವಾದವೇ? ಉಯಿಘರ್ ಮುಸ್ಲಿಮರ ನೆಲೆಯಾದ ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದಲ್ಲಿ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ನಿಯಮಾವಳಿಯ ಪ್ರಕಾರ ಅದು ಉಗ್ರವಾದದ ಲಕ್ಷಣ. ಗಂಡಸರು ಬಿಡುವ ‘ಅಸಹಜ’ ಗಡ್ಡ, ಹೆಂಗಸರು ತೊಡುವ ಮುಖಪರದೆ, ಮಗುವಿಗೆ ಇಡುವ ‘ಮತಾಂಧ’ ಹೆಸರು ಕೂಡ ಅದೇ ಪಟ್ಟಿಯಲ್ಲಿವೆ. ಅಲ್ಲಿನ ಕರಕಾಶ್ ಜಿಲ್ಲೆಯಿಂದ 2020ರಲ್ಲಿ ಸೋರಿಕೆಯಾದ ಕಡತವೊಂದರಲ್ಲಿ ಜನರನ್ನು ಬಂಧನ ಶಿಬಿರಕ್ಕೆ ಅಟ್ಟಲು ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದ್ದೂ ಕಾರಣವಾಗಿದೆ. ಸೋರಿಕೆಗಳೆಲ್ಲ ಪಶ್ಚಿಮದ ಕಟ್ಟುಕಥೆ ಎನ್ನುವವರಿದ್ದಾರೆ. ಕಡತವನ್ನು ಬದಿಗಿಡೋಣ, ಚೀನಾ ತಾನೇ ಪ್ರಕಟಿಸಿದ ಕಾನೂನೊಂದೇ ಸಾಕಲ್ಲವೇ? ಅದು ಹಿಂಸೆಯನ್ನಷ್ಟೇ ಅಲ್ಲ, ಧರ್ಮದ ದಿನನಿತ್ಯದ ಆಚರಣೆಯನ್ನೂ ಅಪರಾಧವಾಗಿಸಿದೆ.

ಭಯೋತ್ಪಾದನೆ ಇದ್ದದ್ದು ನಿಜ. 2014ರ ಮಾರ್ಚ್‌ನಲ್ಲಿ ಚೀನಾದ ಕುನ್‌ಮಿಂಗ್ ರೈಲು ನಿಲ್ದಾಣದಲ್ಲಿ ಪ್ರಯಾಣಿಕರನ್ನು ಚಾಕುಗಳಿಂದ ಕೊಚ್ಚಿ ಕೊಂದವರಿಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ಅದೇ ವರ್ಷ ಜೀವಾವಧಿ ಶಿಕ್ಷೆಗೆ ಗುರಿಯಾದ ಇಲ್ಹಾಮ್ ತೋಹ್ತಿ ಬೀಜಿಂಗ್‌ನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಉಯಿಘರ್ ಪ್ರಾಧ್ಯಾಪಕ. ಪ್ರತ್ಯೇಕ ದೇಶ ಕೇಳಿದವರಲ್ಲ, ಚೀನಾದ ಕಾನೂನೇ ಕೊಟ್ಟಿರುವ ಸ್ವಾಯತ್ತತೆಯನ್ನು ಜಾರಿಗೆ ತನ್ನಿ ಎಂದವರು. ಉಯಿಘರರ ದರ್ಗಾಗಳನ್ನೂ ಜಾನಪದವನ್ನೂ ಅಧ್ಯಯನ ಮಾಡಿದ ರಾಹಿಲೆ ದಾವುತ್ 2017ರ ಕೊನೆಯಲ್ಲಿ ಕಣ್ಮರೆಯಾದರು. ಅವರಿಗೂ ಜೀವಾವಧಿ ಶಿಕ್ಷೆಯಾಗಿದೆ ಎಂಬುದು 2023ರಲ್ಲಷ್ಟೇ ಹೊರಜಗತ್ತಿಗೆ ಖಚಿತವಾಯಿತು. ಇಂಥವರನ್ನು ಜೈಲಿಗೆ ತಳ್ಳಿದರೆ ಯಾವ ಬಾಂಬು ತಪ್ಪುತ್ತದೆ?

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2022ರ ಆಗಸ್ಟ್ 31ರಂದು ಪ್ರಕಟಿಸಿದ ವರದಿ, ಷಿನ್‌ಜಿಯಾಂಗ್‌ನ ಈ ಬಂಧನಗಳು ಮಾನವತೆಯ ವಿರುದ್ಧದ ಅಪರಾಧಗಳಾಗಿರಬಹುದು ಎಂದಿತು. ಆ ಬಗ್ಗೆ ಬರೀ ಚರ್ಚೆ ನಡೆಸುವ ಪ್ರಸ್ತಾವವೂ ಅಕ್ಟೋಬರ್‌ನಲ್ಲಿ ಜಿನೀವಾದ ಮಾನವ ಹಕ್ಕುಗಳ ಮಂಡಳಿಯಲ್ಲಿ 17–19 ಮತಗಳಿಂದ ಬಿದ್ದುಹೋಯಿತು. ವಿರೋಧಿಸಿದವರಲ್ಲಿ ಪಾಕಿಸ್ತಾನ, ಇಂಡೊನೇಷ್ಯಾ, ಕತಾರ್ ಇದ್ದವು. ಮತದಾನದಿಂದ ದೂರ ಉಳಿದ 11 ದೇಶಗಳಲ್ಲಿ ಭಾರತವೂ ಒಂದು. ನಮ್ಮ ಒಂದು ಮತದಿಂದ ಫಲಿತಾಂಶ ಬದಲಾಗುತ್ತಿರಲಿಲ್ಲ, ಒಪ್ಪೋಣ. ಒಂದು ದೇಶವನ್ನು ಗುರಿಯಾಗಿಸಿದ ನಿರ್ಣಯಗಳಿಂದ ದೂರವಿರುವುದು ನಮ್ಮ ಹಳೆಯ ನೀತಿ, ಇಲ್ಲದಿದ್ದರೆ ನಾಳೆ ನಮ್ಮ ವಿಷಯಕ್ಕೂ ಕೈಹಾಕುತ್ತಾರೆ ಎಂಬ ವಾದವೂ ಇದೆ. ಆದರೆ ಆ ಪ್ರಸ್ತಾವ ಖಂಡನೆಯನ್ನು ಕೇಳಿರಲಿಲ್ಲ, ದಿಗ್ಬಂಧನವನ್ನೂ ಕೇಳಿರಲಿಲ್ಲ. ಚರ್ಚೆಗೆ ಅಂಜಬೇಕಾದ ಕಾರಣ ಪ್ರಜಾಪ್ರಭುತ್ವಕ್ಕೆ ಇರಬಾರದು. ಮೇಲಾಗಿ, ಷಿನ್‌ಜಿಯಾಂಗ್‌ನಲ್ಲಿ ಬೀದಿಬೀದಿಗೆ ಪೊಲೀಸ್ ಚೌಕಿ ಇಟ್ಟ, ಕಮ್ಯುನಿಸ್ಟ್ ಪಕ್ಷದ ಅಲ್ಲಿನ ಅಂದಿನ ಮುಖ್ಯಸ್ಥ ಚೆನ್ ಕ್ವಾಂಗುವೊ 2016ರಲ್ಲಿ ಅಲ್ಲಿಗೆ ಬಂದದ್ದು ಟಿಬೆಟ್‌ನಲ್ಲಿ ಅದೇ ವ್ಯವಸ್ಥೆಯನ್ನು ನಡೆಸಿ. ಟಿಬೆಟಿಯನ್ನರ ಮಠಗಳಿಗೆ ಬೈಲುಕುಪ್ಪೆಯಲ್ಲಿ ನೆಲ ಕೊಟ್ಟ ದೇಶ ನಮ್ಮದು. ಮತದಾನದ ಮರುದಿನ ನಮ್ಮ ವಿದೇಶಾಂಗ ಸಚಿವಾಲಯ ಷಿನ್‌ಜಿಯಾಂಗ್ ಜನರ ಮಾನವ ಹಕ್ಕುಗಳನ್ನು ಗೌರವಿಸಬೇಕು ಎಂದಿತು. ದೆಹಲಿಯಲ್ಲಿ ಹೇಳಿದ ಆ ಮಾತನ್ನು ಜಿನೀವಾದಲ್ಲಿ ಮತವಾಗಿ ದಾಖಲಿಸಬೇಕಿತ್ತು. ಪ್ರಸ್ತಾವ ಮತ್ತೆ ಬಂದರೆ ದಾಖಲಿಸಲೇಬೇಕು.