ಮೈಲಾರದ ಕಾರಣಿಕ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷವೂ ಭರತಹುಣ್ಣಿಮೆಯ ಜಾತ್ರೆಯೊಳಗೆ ಕಾರಣಿಕವು ನಡೆಯುವುದು. ವ್ರತಧಾರಿಯಾದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಲಕ್ಷಾಂತರ ಜನರ ಗದ್ದಲವು ಅಡಗುವುದು. ಬಳಿಕ ಒಂದೇ ಮಾತನ್ನು ನುಡಿದು ಆತನು ಕೆಳಗೆ ಬೀಳುವನು, ಭಕ್ತರು ಹಿಡಿದುಕೊಳ್ಳುವರು.

ಆ ನುಡಿಯು ಒಗಟಿನಂತಿರುವುದು. ಅದರಲ್ಲಿ ರೈತನು ಮಳೆಬೆಳೆಯನ್ನೂ, ವರ್ತಕನು ಧಾರಣೆಯನ್ನೂ, ರಾಜಕಾರಣಿಯು ಪದವಿಯನ್ನೂ ಅರಸುವನು. ಒಬ್ಬನು ಹೇಳಿದ ಅರ್ಥವು ಮತ್ತೊಬ್ಬನಿಗೆ ಒಪ್ಪಿಗೆಯಾಗದು. ಹಾಗಾದರೆ ಅಷ್ಟು ದೂರ ಬಂದುದಕ್ಕೆ ಫಲವೇನೆಂದು ಕೇಳುವವರುಂಟು.

ನಮಗೆ ತೋರುವುದಿಷ್ಟು: ಮುಂದಾಗುವುದನ್ನು ತಿಳಿಯುವುದೇ ಭಕ್ತಿಯಾಗಿದ್ದರೆ, ಮಳೆ ತಪ್ಪಿದ ವರ್ಷವೇ ಅದು ಬತ್ತಿಹೋಗಬೇಕಾಗಿತ್ತು. ಹಾಗಾಗಲಿಲ್ಲ. ಬರವನ್ನು ಕಂಡ ಈ ಸೀಮೆಯ ಒಕ್ಕಲಿಗನು ಮರುವರ್ಷವೂ ಜಾತ್ರೆಗೆ ಬರುವನು. ಊರಿಗೆ ಹಿಂದಿರುಗಿ ಬಿತ್ತನೆಗೆ ಅಣಿಯಾಗುವನು. ಮಳೆಯು ದೇವರ ಕೈಯಲ್ಲಿ, ಕೂರಿಗೆಯು ತನ್ನ ಕೈಯಲ್ಲಿ ಎಂಬ ಅರಿವೇ ಆತನು ಮನೆಗೊಯ್ಯುವ ಪ್ರಸಾದ.

ಬಾಳಿನ ಗುರಿಯೇನೆಂದು ತಿಳಿಯದೆ ಕಳವಳಗೊಳ್ಳುವ ದಿನಗಳು ಯಾರ ಮನೆಗೆ ಬಾರವು? ಆಗ ನಾವು ದೇವರ ಮುಂದೆ ಕುಳಿತು ಬರಿದೆ ಉತ್ತರವನ್ನು ಬೇಡುವೆವು. ಮೊದಲು ಮನಸ್ಸಿನ ಗದ್ದಲವನ್ನು ಅಡಗಿಸೋಣ. ಅನಂತರ ಕೇಳಿಬರುವ ಮಾತು ಎಷ್ಟೇ ಕಿರಿದಾಗಿರಲಿ, ಈ ದಿನದ ಕೆಲಸವನ್ನು ಕೈಗೆತ್ತಿಕೊಳ್ಳಲು ಅದು ಸಾಕು.